‘ಎಫ್‌ಒಬಿ ದರ ಕೊಡಿ’ ಎಂದವರಿಗೆ ಏನು ಬರೆಯಬೇಕು?

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮದು ಸಣ್ಣ ಅರೇಬಿಕಾ ತೋಟ. ಇಷ್ಟು ವರ್ಷ ಪಾರ್ಚ್‌ಮೆಂಟ್ ಅನ್ನೇ, ಅಂದರೆ ಒಳಸಿಪ್ಪೆ ತೆಗೆಯದ ಒಣ ಕಾಫಿಯನ್ನೇ, ವ್ಯಾಪಾರಿಗಳಿಗೆ ಕೊಟ್ಟು ಬಂದಿದ್ದೇವೆ. ಈಗ ಜರ್ಮನಿಯ ಹ್ಯಾಂಬರ್ಗ್‌ನ ಒಬ್ಬ ರೋಸ್ಟರ್ (ಕಾಫಿ ಹುರಿದು ಮಾರುವವರು) ನಮ್ಮ ಸ್ಯಾಂಪಲ್ ಮೆಚ್ಚಿ, 60 ಕಿಲೋದ 40 ಚೀಲ ಹಸಿರು ಕಾಫಿ ಬೇಕು, ಎಫ್‌ಒಬಿ ದರ ಕೊಡಿ ಎಂದು ಬರೆದಿದ್ದಾರೆ. ಮಂಗಳೂರಿನ ಒಬ್ಬ ಫಾರ್ವರ್ಡರ್‌ಗೆ, ಅಂದರೆ ಸರಕು ಸಾಗಣೆಯ ಏರ್ಪಾಡು ಮಾಡುವವರಿಗೆ, ಫೋನ್ ಮಾಡಿದರೆ ‘ಎಫ್‌ಸಿಎಲ್ಲೋ ಎಲ್‌ಸಿಎಲ್ಲೋ? ಸಿಬಿಎಂ ಎಷ್ಟು? ಬಿಎಲ್ ಒರಿಜಿನಲ್ ಬೇಕೋ, ಸರೆಂಡರ್ ಮಾಡಲೋ?’ ಎಂದು ಕೇಳಿದರು. ಅವರು ಕಳಿಸಿದ ಕೊಟೇಶನ್‌ನಲ್ಲಿ ಟಿಎಚ್‌ಸಿ, ಬಿಎಎಫ್, ಫ್ರೀ ಡೇಸ್ ಎಂದೆಲ್ಲ ಇದೆ. ಇವುಗಳ ಅರ್ಥವೇನು? ಎಲ್ಲೆಲ್ಲಿ ಎಚ್ಚರ ಬೇಕು?

ಉತ್ತರ: ಮೊದಲು ಒಂದು ಸಮಾಧಾನದ ಮಾತು. ಖರೀದಿದಾರರು ನಿಜವಾಗಿಯೂ ಎಫ್‌ಒಬಿ ಕೇಳಿದ್ದರೆ, ನಿಮ್ಮ ಕೈಗೆ ಬಂದಿರುವ ಕೊಟೇಶನ್‌ನ ಅರ್ಧಭಾಗ ನಿಮಗೆ ಸಂಬಂಧಿಸಿದ್ದೇ ಅಲ್ಲ. ಎಫ್‌ಒಬಿಯಲ್ಲಿ ಸಮುದ್ರದ ಬಾಡಿಗೆ ಕೊಡುವವರು ಅವರು, ಹಡಗು ಗೊತ್ತು ಮಾಡುವವರೂ ಅವರೇ. ಆದ್ದರಿಂದ ದರ ಬರೆಯುವ ಮುಂಚೆ ‘ನಿಮ್ಮ ಫಾರ್ವರ್ಡರ್ ಯಾರು, ಭಾರತದಲ್ಲಿ ಅವರ ಏಜೆಂಟ್ ಯಾರು, ಸರಕನ್ನು ಎಲ್ಲಿ ಒಪ್ಪಿಸಬೇಕು?’ ಎಂದು ಕೇಳಿ. ಈ ಉತ್ತರ ಬರುವವರೆಗೆ ನೀವು ಹೇಳುವ ಯಾವ ದರಕ್ಕೂ ಅರ್ಥವಿಲ್ಲ.

ಈ ವ್ಯವಹಾರದ ಪದಗಳು ಎಷ್ಟೇ ಇದ್ದರೂ ಬಹುಪಾಲು ಮೂರು ವಿಷಯಗಳನ್ನೇ ಹೇಳುತ್ತವೆ. ಖರ್ಚು ಎಲ್ಲಿಯವರೆಗೆ ನಿಮ್ಮದು, ಸರಕು ಹಾಳಾದರೆ ಹೊಣೆ ಎಲ್ಲಿಯವರೆಗೆ ನಿಮ್ಮದು, ಸರಕನ್ನು ಬಿಡಿಸಿಕೊಳ್ಳುವ ಕಾಗದ ಯಾರ ಕೈಯಲ್ಲಿದೆ. ಇವು ಮೂರೂ ಒಂದೇ ಜಾಗದಲ್ಲಿ ಕೈ ಬದಲಾಗುತ್ತವೆ ಎಂದು ಹೊಸಬರು ಅಂದುಕೊಳ್ಳುತ್ತಾರೆ. ಅನೇಕ ಸಲ ಮೂರೂ ಬೇರೆ ಬೇರೆ ಜಾಗದಲ್ಲಿ ಬದಲಾಗುತ್ತವೆ. ನಾನು ಕಂಡ ಜಗಳಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಇಲ್ಲೇ.

ಎಫ್‌ಒಬಿ, ಸಿಐಎಫ್ ಮುಂತಾದವು ಇನ್‌ಕೋಟರ್ಮ್ಸ್ ಎಂಬ ನಿಯಮಗಳಿಗೆ ಸೇರಿದವು. ಪ್ಯಾರಿಸ್‌ನಲ್ಲಿರುವ ಇಂಟರ್‌ನ್ಯಾಷನಲ್ ಚೇಂಬರ್ ಆಫ್ ಕಾಮರ್ಸ್ 1936ರಲ್ಲಿ ಇವನ್ನು ಮೊದಲು ಹೊರತಂದಿತು. ಈಗ ಚಾಲ್ತಿಯಲ್ಲಿರುವುದು 2020ರ ಆವೃತ್ತಿ. ಅದರಲ್ಲಿ 11 ಪದಗಳಿವೆ. ಎಫ್‌ಎಎಸ್, ಎಫ್‌ಒಬಿ, ಸಿಎಫ್‌ಆರ್, ಸಿಐಎಫ್ ಈ ನಾಲ್ಕು ಹಡಗಿನ ಸಾಗಣೆಗೆ ಮಾತ್ರ. ಉಳಿದ ಏಳು ಲಾರಿ, ರೈಲು, ವಿಮಾನ, ಹಡಗು ಎಲ್ಲಕ್ಕೂ. ಇವು ಸರ್ಕಾರದ ಕಾನೂನಲ್ಲ. ಒಪ್ಪಂದದಲ್ಲಿ ಬರೆದರೆ ಮಾತ್ರ ಕಟ್ಟುಪಾಡು. ಪದದ ಪಕ್ಕದಲ್ಲಿ ಊರಿನ ಹೆಸರಿಲ್ಲದಿದ್ದರೆ ಅದು ಅರ್ಧ ವಾಕ್ಯ ಇದ್ದಂತೆ. ‘ಎಫ್‌ಒಬಿ’ ಎಂದಷ್ಟೇ ಬರೆದರೆ ಮಂಗಳೂರೋ ಕೊಚ್ಚಿಯೋ ಚೆನ್ನೈಯೋ ಎಂಬುದೇ ಗೊತ್ತಾಗುವುದಿಲ್ಲ. ನಿಮ್ಮ ಲಾರಿ ಬಾಡಿಗೆ ಅದನ್ನೇ ಅವಲಂಬಿಸಿರುತ್ತದೆ.

ಎಫ್‌ಒಬಿ ಮಂಗಳೂರು ಎಂದರೆ ಸರಕು ಪಣಂಬೂರಿನ ಬಂದರಿನಲ್ಲಿ ಹಡಗಿನ ಮೇಲೆ ಕೂರುವ ತನಕ ಖರ್ಚೂ ನಿಮ್ಮದು, ಹೊಣೆಯೂ ನಿಮ್ಮದು. ಕ್ಯೂರಿಂಗ್ ವರ್ಕ್ಸ್‌ನಿಂದ ಲಾರಿ, ಶಿರಾಡಿ ಘಾಟಿ, ಕಸ್ಟಮ್ಸ್, ಬಂದರಿನೊಳಗಿನ ಎತ್ತುವಳಿ ಎಲ್ಲವೂ ನಿಮ್ಮ ಲೆಕ್ಕಕ್ಕೇ. ಸರಕನ್ನು ಕ್ರೇನಿನಿಂದ ನೇರವಾಗಿ ಹಡಗಿಗೆ ಇಳಿಸುತ್ತಿದ್ದ ಕಾಲಕ್ಕೆ ಈ ಗೆರೆ ಸರಿಯಾಗಿತ್ತು. ಕಂಟೇನರ್ ಕಾಲದಲ್ಲಿ ನೀವು ಸರಕನ್ನು ಒಪ್ಪಿಸುವುದು ಟರ್ಮಿನಲ್‌ನಲ್ಲಿ, ಇಲ್ಲವೇ ಬಂದರಿನ ಹೊರಗಿನ ಸಿಎಫ್‌ಎಸ್‌ನಲ್ಲಿ, ಅಂದರೆ ಕಸ್ಟಮ್ಸ್ ನಿಗಾದಲ್ಲಿ ಸರಕು ತುಂಬುವ ಗೋದಾಮಿನಲ್ಲಿ. ಒಪ್ಪಿಸಿದ ಮೇಲೆ ಅದನ್ನು ಯಾವಾಗ ಹಡಗಿಗೆ ಏರಿಸುತ್ತಾರೆ ಎಂಬುದು ನಿಮ್ಮ ಹಿಡಿತದಲ್ಲಿಲ್ಲ. ಹಡಗು ತಡವಾಗಿ ಚೀಲಗಳು ಮಳೆಗಾಲದಲ್ಲಿ ಒಂದು ವಾರ ಯಾರ್ಡ್‌ನಲ್ಲೇ ಕೂತರೂ ಎಫ್‌ಒಬಿಯಡಿ ಹೊಣೆ ನಿಮ್ಮದೇ.

ಅದಕ್ಕೇ ಕಂಟೇನರ್ ಸರಕಿಗೆ ಎಫ್‌ಸಿಎ ಸರಿ ಎಂದು ಆ ನಿಯಮಗಳೇ ಹೇಳುತ್ತವೆ. ಎಫ್‌ಸಿಎಯಲ್ಲಿ ನೀವು ರಫ್ತಿನ ಕಸ್ಟಮ್ಸ್ ಮುಗಿಸಿ, ಹೆಸರಿಸಿದ ಜಾಗದಲ್ಲಿ ಅವರ ಸಾಗಣೆದಾರರಿಗೆ ಸರಕು ಒಪ್ಪಿಸಿದರೆ ನಿಮ್ಮ ಹೊಣೆ ಅಲ್ಲಿಗೆ ಮುಗಿಯಿತು. ಕಾಫಿ ವ್ಯಾಪಾರದಲ್ಲಿ ಎಫ್‌ಒಬಿ ಎಂಬುದು ಬಾಯಿಗೆ ಕೂತ ಮಾತು; ಹೆಚ್ಚಿನ ಖರೀದಿದಾರರು ಅಭ್ಯಾಸಬಲದಿಂದ ಹಾಗೆ ಕೇಳುತ್ತಾರೆ. ಎಫ್‌ಸಿಎ ಎಂದು ಬದಲಿಸಲು ಕೇಳುವುದರಲ್ಲಿ ಸಂಕೋಚ ಬೇಡ. ಅವರು ಒಪ್ಪದಿದ್ದರೆ ಎಫ್‌ಒಬಿಯಲ್ಲೇ ಮಾಡಿ, ಆದರೆ ತೋಟದಿಂದ ಹಡಗಿನವರೆಗಿನ ದಾರಿಗೆ ನಿಮ್ಮ ಹೆಸರಿನಲ್ಲಿ ವಿಮೆ ಇರಲಿ. ಎಫ್‌ಒಬಿ ಖರೀದಿದಾರರ ವಿಮೆ ಸಾಮಾನ್ಯವಾಗಿ ಸರಕು ಹಡಗೇರಿದ ಮೇಲಿನ ನಷ್ಟಕ್ಕೆ. ಘಾಟಿಯಲ್ಲಿ ಲಾರಿ ಮಗುಚಿದರೆ ಹ್ಯಾಂಬರ್ಗ್‌ನ ಪಾಲಿಸಿ ನಿಮ್ಮ ನೆರವಿಗೆ ಬರುವುದಿಲ್ಲ.

ಉಳಿದ ಪದಗಳ ಪೈಕಿ ಎಕ್ಸ್‌ವರ್ಕ್ಸ್ ಎಂದರೆ ಖರೀದಿದಾರರೇ ನಿಮ್ಮ ಗೋದಾಮಿನಿಂದ ಎತ್ತಿಕೊಂಡು ಹೋಗುವುದು. ಕೇಳಲು ಸುಲಭ. ಆದರೆ ರಫ್ತಿಗಾಗಿ ಕಸ್ಟಮ್ಸ್‌ಗೆ ಸಲ್ಲಿಸುವ ಶಿಪ್ಪಿಂಗ್ ಬಿಲ್ ನಿಮ್ಮ ಐಇಸಿ (ಆಮದು-ರಫ್ತುದಾರರ ಕೋಡ್) ಸಂಖ್ಯೆಯಲ್ಲೇ ಆಗಬೇಕಿರುವಾಗ ಇದು ಗೊಂದಲಕ್ಕೆ ದಾರಿ. ಡಿಡಿಪಿ ಎಂದರೆ ಅವರ ದೇಶದ ಸುಂಕವನ್ನೂ ನೀವೇ ಕಟ್ಟಿ ಬಾಗಿಲಿಗೆ ಮುಟ್ಟಿಸುವುದು. ಜರ್ಮನಿಯಲ್ಲಿ ಕಾಫಿಗೆಂದೇ ಪ್ರತ್ಯೇಕ ತೆರಿಗೆ ಇದೆ. ಅಲ್ಲಿನ ತೆರಿಗೆ ವ್ಯವಸ್ಥೆಯೊಳಗೆ ಇಲ್ಲಿಂದ ಕೈಹಾಕುವ ಸಾಹಸ ಬೇಡ.

ಸಿಐಎಫ್ ಬಗ್ಗೆ ಮಾತ್ರ ಸ್ವಲ್ಪ ನಿಂತು ಹೇಳಬೇಕು. ಸಿಐಎಫ್ ಹ್ಯಾಂಬರ್ಗ್ ಎಂದರೆ ಹ್ಯಾಂಬರ್ಗ್‌ವರೆಗಿನ ಬಾಡಿಗೆ ಮತ್ತು ವಿಮೆ ನಿಮ್ಮದು. ಆದರೆ ಸರಕಿನ ಹೊಣೆ ಮಂಗಳೂರಿನಲ್ಲಿ ಹಡಗೇರಿದ ಕ್ಷಣಕ್ಕೇ ಖರೀದಿದಾರರಿಗೆ ಹೋಗುತ್ತದೆ. ಖರ್ಚು ಒಂದು ಊರಿನವರೆಗೆ, ಹೊಣೆ ಇನ್ನೊಂದು ಊರಿನವರೆಗೆ. ಈ ವಿಮೆಗೆ ನಿಯಮ ಕೇಳುವುದು ಇನ್‌ವಾಯ್ಸ್ ಮೊತ್ತದ 110 ಶೇಕಡಾಕ್ಕೆ, ಇನ್‌ಸ್ಟಿಟ್ಯೂಟ್ ಕಾರ್ಗೋ ಕ್ಲಾಸಸ್ ‘ಸಿ’ ಮಟ್ಟದ ಪಾಲಿಸಿಯನ್ನು. ‘ಸಿ’ ಅತ್ಯಂತ ಕನಿಷ್ಠ ಮಟ್ಟದ್ದು. ಹಡಗು ಮುಳುಗಿದರೆ, ಬೆಂಕಿ ಬಿದ್ದರೆ ಪರಿಹಾರವಿದೆ. ಕಳ್ಳತನವಾದರೆ, ಕಂಟೇನರ್ ತೂತಿನಿಂದ ನೀರಿಳಿದು ಚೀಲ ನೆನೆದರೆ ಇಲ್ಲ. ಕಾಫಿಗೆ ನಿಜವಾಗಿ ಬೇಕಿರುವುದು ‘ಎ’ ಮಟ್ಟದ್ದು. ಯುದ್ಧ ಮತ್ತು ಮುಷ್ಕರದ ರಕ್ಷಣೆಯನ್ನು ಪ್ರತ್ಯೇಕವಾಗಿ ಸೇರಿಸಿಕೊಳ್ಳಬೇಕು.

ವಿಮೆ ಎಂದರೆ ಸುಮ್ಮನೆ ಖರ್ಚು ಎನ್ನುವವರಿಗೆ ನಮ್ಮ ಪಡುವಣ ಕರಾವಳಿಯ ಇತ್ತೀಚಿನ ಘಟನೆಗಳೇ ಸಾಕು. 2025ರ ಮೇ 25ರಂದು ವಿಳಿಂಜಂನಿಂದ ಕೊಚ್ಚಿಗೆ ಬರುತ್ತಿದ್ದ ಎಂಎಸ್‌ಸಿ ಎಲ್ಸಾ 3 ಹಡಗು 640 ಕಂಟೇನರ್‌ಗಳೊಂದಿಗೆ ಮುಳುಗಿತು. ಅದಾಗಿ ಸುಮಾರು ಎರಡು ವಾರಕ್ಕೆ, ಕೊಲಂಬೊದಿಂದ ಮುಂಬೈ ಕಡೆಗೆ ಹೊರಟಿದ್ದ ವಾನ್ ಹೈ 503 ಹಡಗಿನಲ್ಲಿ ಕೇರಳದ ಆಚೆಯ ಕಡಲಿನಲ್ಲಿ ಬೆಂಕಿ ಬಿತ್ತು. ಇನ್ನೊಂದು ಬಗೆಯ ನಷ್ಟವೂ ಇದೆ, ಜನರಲ್ ಆವರೇಜ್ ಎಂದು. ಹಡಗನ್ನೂ ಸರಕನ್ನೂ ಉಳಿಸಲು ಮಾಡಿದ ಅಸಾಧಾರಣ ಖರ್ಚನ್ನು ಹಡಗಿನ ಮಾಲೀಕರು ಮತ್ತು ಸರಕಿನ ಮಾಲೀಕರೆಲ್ಲರೂ ತಮ್ಮ ತಮ್ಮ ಮೌಲ್ಯಕ್ಕೆ ತಕ್ಕಂತೆ ಹಂಚಿಕೊಳ್ಳಬೇಕೆಂಬ ಹಳೆಯ ಕಡಲ ನಿಯಮವದು. 2021ರ ಮಾರ್ಚ್ 23ರಂದು ಎವರ್ ಗಿವನ್ ಎಂಬ ಕಂಟೇನರ್ ಹಡಗು ಸೂಯೆಜ್ ಕಾಲುವೆಗೆ ಅಡ್ಡಲಾಗಿ ಸಿಕ್ಕಿಬಿದ್ದು, ಬಿಡಿಸಿದ ಮೇಲೂ ಜುಲೈವರೆಗೆ ಈಜಿಪ್ಟ್‌ನಲ್ಲೇ ಉಳಿಯಿತು. ಆಗ ಮಾಲೀಕರು ಜನರಲ್ ಆವರೇಜ್ ಘೋಷಿಸಿದರು. ಹಾಗೆ ಘೋಷಣೆಯಾದಾಗ ಸರಕಿಗೆ ಗೀರೂ ಬೀಳದವರೂ ಗ್ಯಾರಂಟಿ ಕೊಟ್ಟ ಮೇಲೆಯೇ ತಮ್ಮ ಪೆಟ್ಟಿಗೆ ಬಿಡಿಸಿಕೊಳ್ಳಬೇಕು. ವಿಮೆ ಇದ್ದವರಿಗೆ ವಿಮಾ ಕಂಪನಿಯೇ ಗ್ಯಾರಂಟಿ ಕೊಡುತ್ತದೆ. ಇಲ್ಲದವರು ಕೈಯಿಂದ ನಗದು ಠೇವಣಿ ಇಡಬೇಕು.

ಇನ್ನು ಫಾರ್ವರ್ಡರ್ ಕೇಳಿದ ಪ್ರಶ್ನೆಗಳಿಗೆ ಬರೋಣ. ಎಫ್‌ಸಿಎಲ್ ಎಂದರೆ ಇಡೀ ಕಂಟೇನರ್ ನಿಮ್ಮೊಬ್ಬರದು. ಎಲ್‌ಸಿಎಲ್ ಎಂದರೆ ಹಲವರ ಸರಕು ಒಂದೇ ಪೆಟ್ಟಿಗೆಯಲ್ಲಿ. ಸಿಬಿಎಂ ಎಂದರೆ ಘನ ಮೀಟರ್. 20 ಅಡಿಯ ಕಂಟೇನರ್‌ನೊಳಗೆ ಸುಮಾರು 33 ಘನ ಮೀಟರ್ ಜಾಗ. ಅದರಲ್ಲಿ 60 ಕಿಲೋದ 320 ಚೀಲ, ಅಂದರೆ 19.2 ಟನ್ ಕಾಫಿ ತುಂಬುವುದು ರೂಢಿ. ಆ ಲೆಕ್ಕದಲ್ಲಿ ಒಂದು ಚೀಲಕ್ಕೆ ಸುಮಾರು 0.1 ಘನ ಮೀಟರ್. ನಿಮ್ಮ 40 ಚೀಲ 2.4 ಟನ್, ಸುಮಾರು 4 ಘನ ಮೀಟರ್. ಎಲ್‌ಸಿಎಲ್‌ನಲ್ಲಿ ಒಂದು ಟನ್ನನ್ನೂ ಒಂದು ಘನ ಮೀಟರನ್ನೂ ಸಮ ಎಂದಿಟ್ಟು, ಯಾವುದು ಹೆಚ್ಚೋ ಅದಕ್ಕೆ ಬಾಡಿಗೆ ಹಾಕುತ್ತಾರೆ. ಹಾಗಾಗಿ ನಿಮಗೆ 4ರ ಬಾಡಿಗೆ. ಪ್ಯಾಲೆಟ್ ಮೇಲೆ ಜೋಡಿಸಿದರೆ ಅಳತೆ ಇನ್ನೂ ಏರುತ್ತದೆ. ಅಂದಾಜಿನ ಮೇಲೆ ಹೇಳಬೇಡಿ. ಚೀಲ ಜೋಡಿಸಿ, ಉದ್ದ, ಅಗಲ, ಎತ್ತರವನ್ನು ಟೇಪು ಹಿಡಿದು ಅಳೆದು ಹೇಳಿ.

40 ಚೀಲಕ್ಕೆ ಎಲ್‌ಸಿಎಲ್ ಬಿಟ್ಟರೆ ದಾರಿಯಿಲ್ಲ. ಆದರೆ ಕಾಫಿ ಸುತ್ತಲಿನ ವಾಸನೆಯನ್ನು ಹೀರಿಕೊಳ್ಳುವ ಸರಕು. ಪಕ್ಕದಲ್ಲಿ ಮೆಣಸಿನಕಾಯಿಯೋ ರಬ್ಬರೋ ಮಸಾಲೆಯೋ ಬಂದು ಕೂತರೆ, ನೀವು ನೆರಳಿನಲ್ಲಿ ಬೆಳೆದು, ಪಲ್ಪ್ ಮಾಡಿ, ಕಣದಲ್ಲಿ ಕಾಳಜಿಯಿಂದ ಒಣಗಿಸಿದ ಕಾಫಿಯ ಗುಣ ಒಂದೂವರೆ ತಿಂಗಳಲ್ಲಿ ಹೋಗುತ್ತದೆ. ಆದ್ದರಿಂದ ಸೆಣಬಿನ ಚೀಲದೊಳಗೆ ಗಾಳಿಯಾಡದ ಒಳಚೀಲ ಹಾಕಿಸಿ. ಖರ್ಚು ಎನಿಸಬಹುದು, ಆದರೆ ಇದೊಂದರಲ್ಲಿ ರಾಜಿ ಬೇಡ. ಅಕ್ಕಪಕ್ಕದ ಬೆಳೆಗಾರರೂ ಸೇರಿ ಮುಂದೆ ಇಡೀ ಕಂಟೇನರ್ ಕಳಿಸುವ ಹಾಗಾದರೆ, ಖಾಲಿ ಪೆಟ್ಟಿಗೆ ಬಂದಾಗ ಒಳಗೆ ಹೋಗಿ ಬಾಗಿಲು ಮುಚ್ಚಿಸಿಕೊಂಡು ನಿಲ್ಲಿ. ಎಲ್ಲಾದರೂ ಬೆಳಕಿನ ಚುಕ್ಕೆ ಕಂಡರೆ ಅಲ್ಲಿಂದ ನೀರೂ ಬರುತ್ತದೆ. ಮೂಗು ಹಿಡಿಯುವಂಥ ವಾಸನೆ ಇದ್ದರೆ, ನೆಲದ ಹಲಗೆಯ ಮೇಲೆ ಎಣ್ಣೆಯ ಕಲೆ ಇದ್ದರೆ ಬೇರೆ ಪೆಟ್ಟಿಗೆ ಕೇಳಿ. ಅದು ನಿಮ್ಮ ಹಕ್ಕು. ಸರಿಯಿದ್ದರೆ ಒಳಗೋಡೆಗೆಲ್ಲ ಕ್ರಾಫ್ಟ್ ಕಾಗದ ಹಚ್ಚಿ, ತೇವ ಹೀರುವ ಪಟ್ಟಿಗಳನ್ನು ತೂಗುಬಿಡಿಸಿ. ಬಿಸಿಯೂರಿನಿಂದ ಚಳಿಯೂರಿಗೆ ಹೋಗುವಾಗ ಕಾಳಿನ ತೇವ ಆವಿಯಾಗಿ, ತಣ್ಣನೆಯ ಚಾವಣಿಗೆ ತಾಗಿ, ಹನಿಯಾಗಿ ಮೇಲಿನ ಸಾಲಿನ ಚೀಲಗಳ ಮೇಲೇ ತೊಟ್ಟಿಕ್ಕುತ್ತದೆ. ಇಡೀ ಕಂಟೇನರ್ ಆದರೆ ವಿಜಿಎಂ ಕೂಡ ಕೊಡಬೇಕು. ಅದು ತುಂಬಿದ ಪೆಟ್ಟಿಗೆಯ ಖಚಿತ ತೂಕದ ಘೋಷಣೆ. 2016ರ ಜುಲೈ 1ರಿಂದ ಅದಿಲ್ಲದೆ ಯಾವ ಹಡಗೂ ಕಂಟೇನರ್ ಏರಿಸುವಂತಿಲ್ಲ. ಎಲ್‌ಸಿಎಲ್‌ನಲ್ಲಿ ಆ ಕೆಲಸವನ್ನು ಪೆಟ್ಟಿಗೆ ತುಂಬುವವರು ಮಾಡುತ್ತಾರೆ.

ಕೊಟೇಶನ್‌ನ ಸಾಲುಗಳ ಪೈಕಿ ಓಷನ್ ಫ್ರೈಟ್ ಎಂದರೆ ಬಂದರಿನಿಂದ ಬಂದರಿಗೆ ಹಡಗಿನ ಬಾಡಿಗೆ. ಬಿಎಎಫ್ ಇಂಧನದ ಹೆಚ್ಚುವರಿ. ಟಿಎಚ್‌ಸಿ ಬಂದರಿನೊಳಗೆ ಎತ್ತಿ ಇಳಿಸುವ ಶುಲ್ಕ. ಹೊರಡುವಲ್ಲಿ ಒಂದು, ಸೇರುವಲ್ಲಿ ಇನ್ನೊಂದು. ಇವುಗಳ ಮೇಲೆ ಪೀಕ್ ಸೀಸನ್, ವಾರ್ ರಿಸ್ಕ್ ಎಂದು ಕಾಲಕ್ಕೆ ತಕ್ಕ ಹೆಚ್ಚುವರಿಗಳು. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಯೆಮನ್‌ನ ಹೌಥಿ ಬಂಡುಕೋರರ ದಾಳಿ ಶುರುವಾದ ಮೇಲೆ ಯೂರೋಪಿನ ಹಡಗುಗಳು ಸೂಯೆಜ್ ಬಿಟ್ಟು ಆಫ್ರಿಕಾದ ಕೇಪ್ ಆಫ್ ಗುಡ್ ಹೋಪ್ ಬಳಸಿ ಹೋಗತೊಡಗಿದವು. ಪ್ರಯಾಣ ಹತ್ತರಿಂದ ಹದಿನಾಲ್ಕು ದಿನ ಹೆಚ್ಚಿತು, ಬಾಡಿಗೆಯೂ ಏರಿತು. ಆಗ ಸಿಐಎಫ್ ದರ ಮಾತಾಡಿ ಮುಗಿಸಿದ್ದವರಿಗೆ ಆ ಏರಿಕೆಯೆಲ್ಲ ಕೈಯಿಂದ ಹೋಯಿತು, ಎಫ್‌ಒಬಿಯವರಿಗೆ ತಟ್ಟಲಿಲ್ಲ. ಆದ್ದರಿಂದ ಯಾವ ಕೊಟೇಶನ್ ಆದರೂ ಎಲ್ಲಿಯ ತನಕ ಊರ್ಜಿತ, ಯಾವ ಬಂದರಿನ ಮೂಲಕ, ನಡುವೆ ಎಲ್ಲಿ ಹಡಗು ಬದಲು ಎಂಬುದನ್ನು ಬರಹದಲ್ಲೇ ಪಡೆಯಿರಿ. ಇಟಿಡಿ ಮತ್ತು ಇಟಿಎ ಎಂದರೆ ಹೊರಡುವ ಮತ್ತು ಮುಟ್ಟುವ ಅಂದಾಜು ದಿನ. ಅವು ಭರವಸೆಯಲ್ಲ. ಕಟ್‌ಆಫ್ ಮಾತ್ರ ಕಟ್ಟುನಿಟ್ಟು: ಅಷ್ಟು ಹೊತ್ತಿನೊಳಗೆ ಸರಕು ಒಳಗಿಲ್ಲದಿದ್ದರೆ ಮುಂದಿನ ಹಡಗೇ ಗತಿ. ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಕುಸಿದು ರಸ್ತೆ ನಿಲ್ಲುವ ನಮ್ಮ ಕಡೆಯವರು ಕಟ್‌ಆಫ್‌ಗೆ ಎರಡು ದಿನ ಮೊದಲೇ ಘಾಟಿ ಇಳಿದಿರಬೇಕು.

ಎಲ್‌ಸಿಎಲ್‌ನಲ್ಲಿ ಒಂದು ಆಟ ನಡೆಯುತ್ತದೆ. ಕೆಲವರು ಸಮುದ್ರದ ಬಾಡಿಗೆಯನ್ನು ನಂಬಲಾಗದಷ್ಟು ಕಡಿಮೆ ತೋರಿಸಿ, ಅದರ ನಷ್ಟವನ್ನು ಆ ಕಡೆಯ ಬಂದರಿನಲ್ಲಿ ಖರೀದಿದಾರರಿಂದ ವಸೂಲು ಮಾಡುತ್ತಾರೆ. ನೀವು ಸಿಐಎಫ್ ಒಪ್ಪಿ ಅಗ್ಗದ ಫಾರ್ವರ್ಡರ್‌ನನ್ನು ಹಿಡಿದರೆ, ಹ್ಯಾಂಬರ್ಗ್‌ನಲ್ಲಿ ಬಿಲ್ ನೋಡಿದ ರೋಸ್ಟರ್ ಬೈಯುವುದು ನಿಮ್ಮನ್ನು. ಎರಡನೇ ಆರ್ಡರ್ ಅಲ್ಲಿಗೇ ನಿಲ್ಲುತ್ತದೆ. ಡೆಸ್ಟಿನೇಶನ್ ಚಾರ್ಜಸ್ ಪಟ್ಟಿಯನ್ನು ಮೊದಲೇ ತರಿಸಿ ಖರೀದಿದಾರರಿಗೆ ಕಳಿಸಿ.

ಫ್ರೀ ಡೇಸ್ ಎಂದರೆ ಕಂಟೇನರನ್ನು ಬಾಡಿಗೆಯಿಲ್ಲದೆ ಇಟ್ಟುಕೊಳ್ಳಬಹುದಾದ ದಿನಗಳು. ಅದು ಮೀರಿದ ಮೇಲೆ ತುಂಬಿದ ಪೆಟ್ಟಿಗೆ ಬಂದರಿನೊಳಗೇ ಕೂತಿದ್ದರೆ ಡೆಮರೇಜ್, ಹೊರಗೆ ಒಯ್ದು ಖಾಲಿ ಮಾಡಿ ಹಿಂದಿರುಗಿಸದೆ ಇದ್ದರೆ ಡಿಟೆನ್ಶನ್. ಬಂದರಿನ ಜಾಗದ ಬಾಡಿಗೆ ಇದರ ಹೊರತಾದದ್ದು. ದಿನ ಕಳೆದಂತೆ ದರವೂ ಏರುತ್ತದೆ. ಖರೀದಿದಾರರ ಊರಿನ ಡೆಮರೇಜ್ ನಮಗೇಕೆ ಎಂದು ಕೇಳಬಹುದು. ಹಡಗಿನವರು ಕೊಡುವ ಬಿಎಲ್ ಎಂಬ ಕಾಗದದ (ಅದರ ವಿವರ ಮುಂದಿದೆ) ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ‘ಮರ್ಚಂಟ್’ ಎಂಬ ಪದದ ವ್ಯಾಖ್ಯೆ ಓದಿ. ಅದರಲ್ಲಿ ಸರಕು ಕಳಿಸಿದವರೂ ಸೇರಿರುತ್ತಾರೆ. ಖರೀದಿದಾರರು ಸರಕು ಬೇಡವೆಂದು ಕೈಬಿಟ್ಟರೆ ಹಡಗಿನ ಕಂಪನಿ ಆ ಹಣಕ್ಕೆ ನಿಮ್ಮ ಬಾಗಿಲಿಗೇ ಬರುತ್ತದೆ.

ಈಗ ಬಿಎಲ್, ಅಂದರೆ ಬಿಲ್ ಆಫ್ ಲೇಡಿಂಗ್. ನಿಮ್ಮ ಪತ್ರದಲ್ಲಿ ಅತ್ಯಂತ ಮುಖ್ಯವಾದ ಪ್ರಶ್ನೆ ಇದೇ. ಇದು ಸರಕು ಸ್ವೀಕರಿಸಿದ ರಸೀದಿ, ಸಾಗಣೆ ಒಪ್ಪಂದದ ಪುರಾವೆ. ‘ಟು ಆರ್ಡರ್’ ಎಂದು ಬರೆದಿದ್ದರೆ ಸರಕಿನ ಹಕ್ಕುಪತ್ರವೂ ಹೌದು. ನಮ್ಮಲ್ಲಿ 1856ರ ಹಳೆಯ ಕಾಯ್ದೆಯ ಜಾಗಕ್ಕೆ 2025ರಲ್ಲಿ ಹೊಸ ಬಿಲ್ಸ್ ಆಫ್ ಲೇಡಿಂಗ್ ಕಾಯ್ದೆ ಬಂದಿದೆ, ಮೂಲತತ್ವ ಬದಲಾಗಿಲ್ಲ. ಸಾಮಾನ್ಯವಾಗಿ ಮೂರು ಒರಿಜಿನಲ್ ಕೊಡುತ್ತಾರೆ. ಅವುಗಳಲ್ಲಿ ಯಾವುದಾದರೂ ಒಂದನ್ನು ಕೊಟ್ಟು ಸರಕು ಬಿಡಿಸಿಕೊಂಡರೆ ಉಳಿದೆರಡು ಬರೀ ಕಾಗದ. ಹಾಗಾಗಿ ಮೂರೂ ನಿಮ್ಮ ಬಳಿ, ಇಲ್ಲವೇ ನಿಮ್ಮ ಬ್ಯಾಂಕಿನ ಬಳಿ ಇರುವಷ್ಟು ಕಾಲ ಸರಕು ಸಮುದ್ರದ ಆಚೆಗಿದ್ದರೂ ಹಿಡಿತ ನಿಮ್ಮದೇ.

ಸರೆಂಡರ್ ಅಥವಾ ಟೆಲೆಕ್ಸ್ ರಿಲೀಸ್ ಎಂದರೆ ಆ ಮೂರನ್ನೂ ಇಲ್ಲೇ ಹಿಂದಿರುಗಿಸಿ, ಒರಿಜಿನಲ್ ಇಲ್ಲದೆಯೇ ಅಲ್ಲಿ ಸರಕು ಕೊಡಿ ಎಂದು ಒಪ್ಪಿಗೆ ನೀಡುವುದು. ಕೊರಿಯರ್ ಖರ್ಚು, ಕಾಯುವ ಕಾಟ ತಪ್ಪುತ್ತದೆ ನಿಜ. ಆದರೆ ಪೂರ್ತಿ ಹಣ ಖಾತೆಗೆ ಬಿದ್ದ ಮೇಲಷ್ಟೇ ಮಾಡಬೇಕಾದ ಕೆಲಸವಿದು. ಸ್ವಲ್ಪ ಬಾಕಿ ಇದ್ದಾಗಲೇ ಸರೆಂಡರ್ ಮಾಡಿದವರಿಗೆ ಆಮೇಲೆ ‘ತೂಕ ಕಡಿಮೆ ಬಂದಿದೆ, ಗುಣಮಟ್ಟ ಸರಿಯಿಲ್ಲ, ಇಷ್ಟು ಮುರಿದುಕೊಳ್ಳುತ್ತೇವೆ’ ಎಂಬ ಪತ್ರ ಬರುವುದನ್ನು ಈ ಕೆಲಸದಲ್ಲಿ ಎಷ್ಟೋ ಸಲ ನೋಡಿದ್ದೇನೆ. ಆಗ ಅವರ ಕೈಯಲ್ಲಿ ಉಳಿದಿರುವುದು ಫೋನು ಮಾತ್ರ. ಸೀ ವೇಬಿಲ್ ಎಂಬುದು ಇನ್ನೂ ಸಡಿಲ. ಅದು ಹಕ್ಕುಪತ್ರವೇ ಅಲ್ಲ. ವರ್ಷಗಳಿಂದ ವ್ಯವಹಾರವಿರುವವರಿಗೆ ಮಾತ್ರ ಅದು ಸರಿ.

ಎಲ್‌ಸಿಎಲ್‌ನಲ್ಲಿ ನಿಮ್ಮ ಕೈಗೆ ಬರುವುದು ಹಡಗಿನ ಕಂಪನಿಯ ಮಾಸ್ಟರ್ ಬಿಎಲ್ ಅಲ್ಲ, ಫಾರ್ವರ್ಡರ್ ಕೊಡುವ ಹೌಸ್ ಬಿಎಲ್. ಆ ಕಾಗದದ ಬೆಲೆ ಕೊಟ್ಟವರ ಯೋಗ್ಯತೆಯಷ್ಟೇ. ಎಫ್‌ಒಬಿಯಲ್ಲಿ ಫಾರ್ವರ್ಡರ್ ಖರೀದಿದಾರರ ಕಡೆಯವರಾಗಿರುವುದರಿಂದ ಇನ್ನಷ್ಟು ಎಚ್ಚರ ಬೇಕು. 1993ರ ಮಲ್ಟಿಮೋಡಲ್ ಸಾಗಣೆ ಕಾಯ್ದೆಯಡಿ ಡೈರೆಕ್ಟರೇಟ್ ಜನರಲ್ ಆಫ್ ಶಿಪ್ಪಿಂಗ್ ಇಂಥ ಸಾಗಣೆ ನಡೆಸುವವರಿಗೆ ಎಂಟಿಒ ನೋಂದಣಿ ಕೊಡುತ್ತದೆ. ಬಿಎಲ್ ಕೊಡುವವರ ಆ ನೋಂದಣಿ ಸಂಖ್ಯೆಯನ್ನು ಸಂಕೋಚಪಡದೆ ಕೇಳಿ.

ಹಣದ ವಿಷಯದಲ್ಲಿ, 40 ಚೀಲಕ್ಕೆ ಎಲ್‌ಸಿ, ಅಂದರೆ ಖರೀದಿದಾರರ ಬ್ಯಾಂಕ್ ಕೊಡುವ ಹಣದ ಖಾತರಿಪತ್ರ ತೆರೆಸುವುದು ಬ್ಯಾಂಕ್ ಶುಲ್ಕದ ದೃಷ್ಟಿಯಿಂದ ದುಬಾರಿ ಎಂಬುದು ನನ್ನ ಅಭಿಪ್ರಾಯ. ಒಂದು ಪಾಲು ಮುಂಗಡ, ಉಳಿದದ್ದು ಬಿಎಲ್ ಸ್ಕ್ಯಾನ್ ಕಳಿಸಿದ ಮೇಲೆ, ಪೂರ್ತಿ ಬಂದ ನಂತರ ಸರೆಂಡರ್ ಎಂದು ಮಾತಾಡಿ. ಸ್ಕ್ಯಾನ್ ಇಟ್ಟುಕೊಂಡು ಯಾರೂ ಸರಕು ಬಿಡಿಸಲಾಗದು. ಮುಂದೆ ದೊಡ್ಡ ಆರ್ಡರ್‌ಗೆ ಎಲ್‌ಸಿ ಬಂದರೆ ಅದರಲ್ಲಿರುವ ಹಡಗೇರಿಸುವ ಕೊನೆಯ ದಿನವನ್ನು ಬಿಎಲ್ ಮೇಲಿನ ‘ಶಿಪ್ಡ್ ಆನ್ ಬೋರ್ಡ್’ ದಿನಾಂಕದೊಂದಿಗೆ ಹೋಲಿಸುತ್ತಾರೆ ಎಂಬುದು ನೆನಪಿರಲಿ.

ಬಿಎಲ್ ಡ್ರಾಫ್ಟ್ ಬಂದಾಗ ಅವಸರದಲ್ಲಿ ‘ಓಕೆ’ ಎನ್ನಬೇಡಿ. ಕನ್‌ಸೈನಿ (ಸರಕು ಪಡೆಯುವವರ) ಹೆಸರು, ಚೀಲಗಳ ಸಂಖ್ಯೆ, ನಿವ್ವಳ ಮತ್ತು ಒಟ್ಟು ತೂಕ, ಬಾಡಿಗೆ ‘ಪ್ರೀಪೇಯ್ಡ್’ ಎಂದಿದೆಯೋ ‘ಕಲೆಕ್ಟ್’ ಎಂದಿದೆಯೋ ನೋಡಿ. ನಿಮ್ಮ ಎಫ್‌ಒಬಿ ಅಥವಾ ಎಫ್‌ಸಿಎ ವ್ಯವಹಾರದಲ್ಲಿ ‘ಕಲೆಕ್ಟ್’, ಅಂದರೆ ಬಾಡಿಗೆ ಖರೀದಿದಾರರ ಕಡೆಯಿಂದ ವಸೂಲು, ಎಂದೇ ಇರಬೇಕು. ಕಾಫಿಯಾದ್ದರಿಂದ ಚೀಲದ ಮೇಲಿನ ಐಸಿಒ (ಅಂತರರಾಷ್ಟ್ರೀಯ ಕಾಫಿ ಸಂಸ್ಥೆ) ಗುರುತೂ ತಾಳೆಯಾಗಬೇಕು. ಅದರಲ್ಲಿ ಮೊದಲು ಭಾರತದ ಸಂಖ್ಯೆ 14, ಆಮೇಲೆ ರಫ್ತುದಾರರ ಸಂಖ್ಯೆ, ಕೊನೆಗೆ ಲಾಟ್ ಸಂಖ್ಯೆ. ಇದಕ್ಕೆ ಕಾಫಿ ಬೋರ್ಡ್‌ನಲ್ಲಿ ರಫ್ತುದಾರರಾಗಿ ನೋಂದಣಿ ಆಗಿರಬೇಕು, ಮೂಲ ದೇಶದ ಪ್ರಮಾಣಪತ್ರವನ್ನೂ ಬೋರ್ಡ್ ಕೊಡುತ್ತದೆ. ಆ ಕೆಲಸ ಇನ್ನೂ ಆಗಿಲ್ಲದಿದ್ದರೆ ದರದ ಮಾತಿಗಿಂತ ಮೊದಲು ಅದನ್ನೇ ಶುರು ಮಾಡಿ. ಕಸ್ಟಮ್ಸ್ ಕಡೆಯ ಶಿಪ್ಪಿಂಗ್ ಬಿಲ್, ಅದರ ಮೇಲೆ ಸಿಗುವ ಲೆಟ್ ಎಕ್ಸ್‌ಪೋರ್ಟ್ ಆರ್ಡರ್ (ರಫ್ತಿನ ಅನುಮತಿ) ಇವನ್ನು ಕಸ್ಟಮ್ಸ್ ಬ್ರೋಕರ್ ಮಾಡಿಕೊಡುತ್ತಾರೆ. ಎಲ್ಲ ಕಾಗದದಲ್ಲೂ ತೂಕ ಮತ್ತು ಹೆಸರು ಅಕ್ಷರಶಃ ಒಂದೇ ಇರುವಂತೆ ನೋಡಿಕೊಳ್ಳುವುದು ನಿಮ್ಮ ಕೆಲಸ.

ಇಷ್ಟಾದ ಮೇಲೆ ಹ್ಯಾಂಬರ್ಗ್‌ಗೆ ಬರೆಯಬೇಕಾದದ್ದು ಹೀಗೆ: ಕಿಲೋಗೆ ಇಷ್ಟು ಡಾಲರ್, ಎಫ್‌ಸಿಎ, ಇಂಥ ಸಿಎಫ್‌ಎಸ್, ಮಂಗಳೂರು, ಇನ್‌ಕೋಟರ್ಮ್ಸ್ 2020, 60 ಕಿಲೋದ 40 ಚೀಲ, ಒಳಚೀಲ ಸಹಿತ, ಇಷ್ಟು ಮುಂಗಡ, ಬಾಕಿ ಬಿಎಲ್ ಸ್ಕ್ಯಾನ್ ತಲುಪಿದ ಮೇಲೆ, ಪೂರ್ತಿ ಹಣ ಬಂದ ನಂತರ ಸರೆಂಡರ್, ದರ ಇಂಥ ದಿನದವರೆಗೆ ಊರ್ಜಿತ. ಅವರ ಫಾರ್ವರ್ಡರ್ ಎಲ್‌ಸಿಎಲ್ ಸರಕನ್ನು ಕೊಚ್ಚಿಯಲ್ಲೋ ಚೆನ್ನೈಯಲ್ಲೋ ಮಾತ್ರ ತೆಗೆದುಕೊಳ್ಳುತ್ತೇವೆ ಎಂದರೆ, ಮಂಗಳೂರಿನ ಜಾಗದಲ್ಲಿ ಆ ಊರನ್ನು ಹಾಕಿ, ಅಲ್ಲಿಯ ತನಕದ ಲಾರಿ ಬಾಡಿಗೆಯನ್ನು ಸೇರಿಸಿ ದರವನ್ನು ಮತ್ತೆ ಲೆಕ್ಕ ಹಾಕಿ.